ಹತ್ತು ತಲೆ ಕೂಡಿಸಿ, ಸಾವ್ಕಾರರು ಕೊನೆಗೆ ಮಾತಾಡಿ: ಸಣ್ಣ ಕಾರ್ಖಾನೆಯಲ್ಲಿ ಗುಂಪಾಗಿ ಹೊಸ ದಾರಿ ಹುಡುಕುವುದು ಹೇಗೆ?

ಬಳ್ಳಾರಿಯ ಜೀನ್ಸ್ ಘಟಕದವರು ಕೇಳುತ್ತಾರೆ. ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ನವರು ಕೇಳುತ್ತಾರೆ. ರಾಯಚೂರಿನ ಹತ್ತಿ ಜಿನ್ನಿಂಗ್‌ನವರೂ ಕೇಳುತ್ತಾರೆ. ಪ್ರಶ್ನೆ ಒಂದೇ: "ಸಲಹೆ ಪೆಟ್ಟಿಗೆ ಇಟ್ಟಿದ್ದೇವೆ, ಒಂದು ಚೀಟಿಯೂ ಬೀಳಲ್ಲ. ಮೀಟಿಂಗ್ ಕರೆದರೆ ಎಲ್ಲರೂ ನೆಲ ನೋಡುತ್ತಾರೆ. ನಮ್ಮ ಜನಕ್ಕೆ ಐಡಿಯಾನೇ ಇಲ್ವಾ?"

ಇದೆ. ಜಾಸ್ತಿನೇ ಇದೆ. ಹೇಳಿದರೆ ತಮಗೇ ನಷ್ಟ ಅಂತ ಅವರು ಲೆಕ್ಕ ಹಾಕಿರುತ್ತಾರೆ, ಬಾಯಿ ಬಿಡಲ್ಲ. ಆ ಲೆಕ್ಕವನ್ನು ಮೊದಲು ಸರಿಮಾಡದೆ ಎಷ್ಟೇ ಟ್ರೇನಿಂಗ್ ಕೊಡಿಸಿದರೂ ದುಡ್ಡು ದಂಡ.

ಗುಂಪಾಗಿ ಕೂತು ಕೆಲಸದ ಸಮಸ್ಯೆ ಬಿಡಿಸುವುದು ಹಳೆಯ ಪದ್ಧತಿ. ಜಪಾನಿನ ಕಾರ್ಖಾನೆಗಳಲ್ಲಿ 1962ರಿಂದಲೇ ಕ್ವಾಲಿಟಿ ಸರ್ಕಲ್‌ಗಳು ಶುರುವಾದವು. ಒಂದೇ ವಿಭಾಗದ ಕೆಲವರು ಆಗಾಗ ಸೇರಿ ತಮ್ಮ ಕೆಲಸದ ತೊಂದರೆಗೆ ತಾವೇ ದಾರಿ ಹುಡುಕುವ ಗುಂಪಿಗೆ ಆ ಹೆಸರು. ದೊಡ್ಡ ಕಂಪನಿಗಳಿಗೆ ಇದಕ್ಕೆಂದೇ ಬೇರೆ ವಿಭಾಗ ಇರುತ್ತದೆ. ಮೂವತ್ತು ಮಿಷನ್ ಇಟ್ಟುಕೊಂಡವರಿಗೆ ಅದೆಲ್ಲ ಬೇಕಿಲ್ಲ. ಇಲ್ಲಿ ಹೇಳುವುದು ಅಂಥವರಿಗಾಗಿ.

ಏನೇನು ಬೇಕು

ಆರರಿಂದ ಎಂಟು ಜನ. ಒಂದೂವರೆ ಗಂಟೆ. ಅಂಗೈ ಅಗಲದ ಚೀಟಿಗಳು, ದಪ್ಪ ಸ್ಕೆಚ್ ಪೆನ್ನು, ಅಂಟಿಸಲು ಒಂದು ಖಾಲಿ ಗೋಡೆ, ಒಂದು ನೋಟ್‌ಬುಕ್, ಟೈಮ್ ನೋಡಲು ಮೊಬೈಲ್. ಮುಗಿದ ಮೇಲೆ ಒಗ್ಗರಣೆ, ಮಿರ್ಚಿ, ಚಹಾ. ಪ್ರೊಜೆಕ್ಟರ್ ಬೇಡ. ಹೋಟೆಲ್ ಹಾಲ್ ಅಂತೂ ಬೇಡವೇ ಬೇಡ, ಅಲ್ಲಿಗೆ ಹೋದರೆ ಜನ ಇನ್ನೂ ಮುದುಡಿಕೊಳ್ಳುತ್ತಾರೆ.

ಹೊತ್ತು ಬೆಳಗ್ಗೆಯದೇ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನ ಮೂರಕ್ಕೆ ಶೀಟಿನ ಕೆಳಗೆ ಕೂತು ಯೋಚನೆ ಮಾಡಿ ಅನ್ನುವುದು ಶಿಕ್ಷೆ.

ಹಂತ 1: ಮೊದಲು ಎರಡು ಮಾತು ಕೊಡಿ

ಮೊದಲ ಮಾತು ಕೂಲಿಯದು. ನಮ್ಮ ಹೊಲಿಗೆ ಘಟಕಗಳಲ್ಲಿ ಬಹಳ ಜನ ಪೀಸ್ ರೇಟ್ ಮೇಲೆ ಇರುತ್ತಾರೆ, ಎಷ್ಟು ಪೀಸ್ ಹೊಲಿದರೆ ಅಷ್ಟು ದುಡ್ಡು. ಅವರನ್ನು ಒಂದೂವರೆ ಗಂಟೆ ಮಿಷನ್ ಬಿಟ್ಟು ಏಳಿಸಿದರೆ ಅಷ್ಟು ಕೂಲಿ ಖೋತಾ. ಮನಸ್ಸೆಲ್ಲ ಗಡಿಯಾರದ ಮೇಲೆ ಇರುವಾಗ ಐಡಿಯಾ ಎಲ್ಲಿಂದ ಬರಬೇಕು? ಹಿಂದಿನ ವಾರದ ಸರಾಸರಿ ನೋಡಿ, ಆ ಹೊತ್ತಿನ ಕೂಲಿಯನ್ನು ಅವತ್ತೇ ಕೈಗೆ ಕೊಡಿ. "ವಾರದ ಬಟವಾಡೆಯಲ್ಲಿ ಸೇರಿಸ್ತೀವಿ" ಅನ್ನಬೇಡಿ.

ಎರಡನೇ ಮಾತು ಇನ್ನೂ ದೊಡ್ಡದು. ಒಬ್ಬ ಟೈಲರ್ ಜೇಬು ಕೂರಿಸಲು ಒಂದು ಸುಲಭ ಉಪಾಯ ಕಂಡುಕೊಂಡ ಅಂತ ಇಟ್ಟುಕೊಳ್ಳಿ. ನಿಮಗೆ ಹೇಳಿದ. ನೀವು ಖುಷಿಪಟ್ಟಿರಿ, ಎಲ್ಲರಿಗೂ ಕಲಿಸಿದಿರಿ. ಮುಂದಿನ ತಿಂಗಳು "ಈಗ ಕೆಲಸ ಬೇಗ ಆಗುತ್ತಲ್ಲ" ಅಂತ ರೇಟು ಇಳಿಸಿದಿರಿ. ಅವನು ಮತ್ತೆ ಬಾಯಿ ಬಿಡುತ್ತಾನಾ? ಪಕ್ಕದ ಹತ್ತು ಜನವೂ ಬಿಡಲ್ಲ. ಕೆಲಸಗಾರರು ತಮ್ಮ ಚುರುಕು ಬಚ್ಚಿಡುವುದಕ್ಕೆ ಇದು ನೂರು ವರ್ಷದ ಹಿಂದೆಯೇ ಕಾರ್ಖಾನೆಗಳಲ್ಲಿ ಕಂಡ ಕಾರಣ. ಹಾಗಾಗಿ ಎಲ್ಲರ ಎದುರು ಹೇಳಿ: ಇಲ್ಲಿ ಬಂದ ಸಲಹೆಯಿಂದ ಯಾರ ರೇಟೂ ಇಳಿಯಲ್ಲ, ಯಾರ ಕೆಲಸವೂ ಹೋಗಲ್ಲ. ಉಳಿಸಿಕೊಳ್ಳಲು ಆಗದ ಮಾತಾದರೆ ಕೊಡಬೇಡಿ. ಈ ಲೇಖನವನ್ನೂ ಇಲ್ಲಿಗೇ ನಿಲ್ಲಿಸಿಬಿಡಿ, ಮುಂದಿನ ಹಂತಗಳಿಂದ ನಿಮಗೆ ಲಾಭವಿಲ್ಲ.

ಹಂತ 2: ಹೋಗಿ ನೋಡಿ, ಎಣಿಸಿ, ಐದು ಸಲ ಯಾಕೆ ಅಂತ ಕೇಳಿ

ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಜೀನ್ಸ್ ಘಟಕದಲ್ಲಿ ಎಲ್ಲರಿಗೂ ಗೊತ್ತಿರುವ ತಲೆನೋವು: ಹೊಲಿದಾಗ ಚೆನ್ನಾಗಿತ್ತು, ವಾಷಿಂಗ್ ಆಗಿ ಬಂದ ಮೇಲೆ ಒಂದು ಕಾಲು ಕಡುನೀಲಿ, ಇನ್ನೊಂದು ತಿಳಿನೀಲಿ. ಪೀಸ್ ರಿಜೆಕ್ಟ್.

ಮೊದಲು ಎಣಿಸಿ. ಎರಡು ವಾರ, ದಿನಾ ಎಷ್ಟು ಪೀಸ್ ಹೀಗೆ ಬಂತು ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. "ತುಂಬಾ ಬರ್ತಿದೆ" ಅನ್ನುವುದು ಲೆಕ್ಕವಲ್ಲ. ಈ ಅಂಕಿ ಇಲ್ಲದಿದ್ದರೆ ಆಮೇಲೆ ಸುಧಾರಿಸಿತೋ ಇಲ್ಲವೋ ಅಂತ ಯಾರೂ ಹೇಳಲಾರರು.

ಆಮೇಲೆ "ಐದು ಯಾಕೆ". ಜಪಾನಿನ ಟೊಯೋಟಾದಲ್ಲಿ ಬೆಳೆದ ಪದ್ಧತಿ ಇದು. ಸಿಕ್ಕ ಉತ್ತರಕ್ಕೇ ಮತ್ತೆ ಯಾಕೆ ಅಂತ ಕೇಳುತ್ತಾ ಬೇರಿನ ತನಕ ಇಳಿಯುವುದು.

ಎರಡು ಕಾಲಿನ ಬಣ್ಣ ಯಾಕೆ ಬೇರೆ ಆಯ್ತು? ಬೇರೆ ಬೇರೆ ರೋಲ್‌ನ ತುಂಡು ಸೇರಿವೆ. ಡೆನಿಮ್ ರೋಲಿಂದ ರೋಲಿಗೆ ಬಣ್ಣದಲ್ಲೂ ಕುಗ್ಗುವುದರಲ್ಲೂ ಸ್ವಲ್ಪ ವ್ಯತ್ಯಾಸ ಇರುತ್ತದೆ, ತೊಳೆದ ಮೇಲೆ ಅದು ಎದ್ದು ಕಾಣುತ್ತದೆ.

ಯಾಕೆ ಸೇರಿದವು? ಯಾವ ತುಂಡಿಗೆ ಯಾವುದು ಜೋಡಿ ಅಂತ ತಿಳಿಯಲು ಕಟಿಂಗ್‌ನಲ್ಲಿ ಅಂಟಿಸಿದ ನಂಬರ್ ಸ್ಟಿಕ್ಕರ್ ಬಿದ್ದುಹೋಗಿತ್ತು, ಟೈಲರ್ ಅಂದಾಜಿನಲ್ಲಿ ಹೊಲಿದ.

ಜೋಡಿ ಯಾಕೆ ಹುಡುಕಲಿಲ್ಲ? ಎದ್ದು ಹೋಗಿ ಹುಡುಕಿದರೆ ಅಷ್ಟು ಹೊತ್ತು ಪೀಸ್ ಕಡಿಮೆ, ಕೂಲಿ ಕಡಿಮೆ.

ಸ್ಟಿಕ್ಕರ್ ಯಾಕೆ ಬಿತ್ತು? ಬಂಡಲ್ ಬಿಚ್ಚಿ ನೆಲದ ಮೇಲೆ ಎಳೆದಾಡುತ್ತಾರೆ, ಧೂಳಿಗೆ ಅಂಟು ಬಿಡುತ್ತದೆ.

ನೆಲದ ಮೇಲೆ ಯಾಕೆ? ಇಡಲು ಬೇರೆ ಜಾಗವೇ ಇಲ್ಲ.

ನೋಡಿ, "ಟೈಲರ್‌ಗಳಿಗೆ ಗಮನ ಇಲ್ಲ" ಅಂತ ಶುರುವಾದದ್ದು ಎಲ್ಲಿಗೆ ಬಂತು. ಐದೇ ಆಗಬೇಕು ಅಂತೇನಿಲ್ಲ. ಮೂರಕ್ಕೂ ನಿಲ್ಲಬಹುದು, ಏಳಕ್ಕೂ ಹೋಗಬಹುದು. ಹೀಗೆ ನಡುವೆ ಕವಲೂ ಒಡೆಯಬಹುದು.

ಎಚ್ಚರಿಕೆ: "ಯಾಕೆ" ಅಂತ ಕೇಳಿ, "ಯಾರು" ಅಂತ ಕೇಳಬೇಡಿ. ಯಾರು ಅಂತ ಒಂದು ಸಲ ಬಾಯಿಗೆ ಬಂದರೆ ಮುಂದಿನ ಉತ್ತರಗಳೆಲ್ಲ ತಪ್ಪಿಸಿಕೊಳ್ಳುವ ಉತ್ತರಗಳೇ. ಆಫೀಸಿನಲ್ಲಿ ಕೂತು ಇದನ್ನು ಮಾಡಲೂಬೇಡಿ. ಮಿಷನ್ ಪಕ್ಕ ನಿಂತು ಮಾಡಿ.

ಹಂತ 3: ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

ಬಹಳ ಜನ ಎಡವುವುದು ಇಲ್ಲೇ. ಪ್ರಶ್ನೆ ತೀರಾ ಅಗಲವಾದರೆ ("ಗುಣಮಟ್ಟ ಹೆಚ್ಚಿಸುವುದು ಹೇಗೆ?") ಭಾಷಣ ಬರುತ್ತದೆ. ತೀರಾ ಕಿರಿದಾದರೆ ("ಯಾವ ಕಂಪನಿಯ ಸ್ಟಿಕ್ಕರ್ ತರೋಣ?") ಉತ್ತರ ನೀವೇ ಕೊಟ್ಟಂತೆ.

ನಮ್ಮ ಕಣ್ಣೆದುರೇ ನಡೆದದ್ದು ನೆನಪಿಸಿಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. "ಹೊಸ ಗೇಟು ಕೂರಿಸುವುದು ಹೇಗೆ?" ಅಂತಷ್ಟೇ ಕೇಳಿದ್ದರೆ ಜಲಾಶಯದ ನೀರು ಗೇಟಿನ ಮಟ್ಟಕ್ಕಿಂತ ಕೆಳಗಿಳಿಯುವ ತನಕ ಕಾಯಬೇಕಿತ್ತು. ರೈತರ ಬೆಳೆ ಗತಿಯೇನು? "ಹರಿಯುವ ನೀರಿನಲ್ಲೇ ಕಿಂಡಿ ಮುಚ್ಚುವುದು ಹೇಗೆ?" ಅಂತ ಕೇಳಿದಾಗ ಬೇರೆ ದಾರಿ ಕಂಡಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಗೇಟನ್ನು, ಅಂದರೆ ಒಂದರ ಮೇಲೊಂದು ಇಳಿಸಿ ನೀರು ತಡೆಯುವ ಉಕ್ಕಿನ ಹಲಗೆಗಳನ್ನು, ತುಂಡು ತುಂಡಾಗಿ ಇಳಿಸಿದರು. ಒಂದು ವಾರದ ಹೊತ್ತಿಗೆ ನೀರು ನಿಂತಿತು. ಅಲ್ಲಿ ಯಾರೂ ಚೀಟಿ ಅಂಟಿಸುತ್ತಾ ಕೂತಿರಲಿಲ್ಲ, ನಿಜ. ನಾನು ಹೇಳುವುದು ಪ್ರಶ್ನೆಯ ಬಗ್ಗೆ ಮಾತ್ರ. ಯಾವುದನ್ನು ಬಿಟ್ಟುಕೊಡಬಾರದು ಅನ್ನುವುದು ಪ್ರಶ್ನೆಯೊಳಗೇ ಇರಬೇಕು.

ನಮ್ಮ ಜೀನ್ಸ್ ಉದಾಹರಣೆಗೆ ಹೀಗೆ ಬರೆಯಬಹುದು: "ಟೈಲರ್ ಕೂಲಿ ಕಡಿಮೆಯಾಗದ ಹಾಗೆ, ಒಂದು ಪ್ಯಾಂಟಿನ ತುಂಡುಗಳೆಲ್ಲ ಕಟಿಂಗ್ ಟೇಬಲ್‌ನಿಂದ ವಾಷಿಂಗ್ ತನಕ ಒಟ್ಟಿಗೇ ಇರುವಂತೆ ಮಾಡುವುದು ಹೇಗೆ?"

ರೈಸ್ ಮಿಲ್‌ಗೆ: "ಡ್ರೈಯರ್ ಹೊಸದು ಕೊಳ್ಳದೆ, ನುಚ್ಚು ಕಡಿಮೆ ಮಾಡುವುದು ಹೇಗೆ?" ಭತ್ತ ಅವಸರದಲ್ಲಿ ಒಣಗಿದರೆ ಕಾಳು ಒಳಗೇ ಬಿರುಕು ಬಿಟ್ಟು, ಮಿಲ್‌ಗೆ ಹಾಕಿದಾಗ ಮುರಿಯುತ್ತದೆ. ಮಿಲ್ಲಿಂಗ್ ಹೊತ್ತಿಗೆ ತೇವ ಶೇ. 14ರ ಸುಮಾರು ಇರಬೇಕು ಅನ್ನುವುದು ಮಿಲ್‌ನವರಿಗೆಲ್ಲ ಗೊತ್ತು. ಕಣದಲ್ಲಿ ಭತ್ತ ಕೈಯಾಡಿಸುವ ಹೆಂಗಸರಿಗೆ ಅದು ಯಾವ ಮೂಲೆಯಲ್ಲಿ ಬೇಗ ಒಣಗುತ್ತದೆ ಅನ್ನುವುದೂ ಗೊತ್ತು. ಅವರನ್ನು ಕೇಳಿದ್ದೀರಾ?

ಹಂತ 4: ಯಾರನ್ನು ಕೂರಿಸಬೇಕು

ಸಮಸ್ಯೆ ಮುಟ್ಟುವ ಪ್ರತಿ ಜಾಗದಿಂದ ಒಬ್ಬರು. ಕಟಿಂಗ್ ಮಾಸ್ಟರ್, ಇಬ್ಬರು ಟೈಲರ್‌ಗಳು, ಬಂಡಲ್ ಹೊರುವ ಹೆಲ್ಪರ್, ಚೆಕಿಂಗ್‌ನವರು, ವಾಷಿಂಗ್ ಘಟಕದಿಂದ ಒಬ್ಬರು. ಜೊತೆಗೆ ಏನೂ ಗೊತ್ತಿಲ್ಲದ ಒಬ್ಬರು ಇರಲಿ, ಲೆಕ್ಕ ಬರೆಯುವ ಹುಡುಗಿಯೋ ಡ್ರೈವರೋ. ದಡ್ಡ ಪ್ರಶ್ನೆ ಕೇಳುವವರು ಒಬ್ಬರು ಬೇಕೇ ಬೇಕು.

ನಡೆಸುವವರು ಬೇರೆ ಇರಬೇಕು. ಇವರನ್ನು ಫೆಸಿಲಿಟೇಟರ್ ಅನ್ನುತ್ತಾರೆ. ಟೈಮ್ ನೋಡುವುದು, ಚೀಟಿ ಅಂಟಿಸುವುದು, ಮಾತು ದಾರಿ ತಪ್ಪಿದರೆ ಎಳೆದು ತರುವುದು ಇವರ ಕೆಲಸ. ಸ್ವಂತ ಅಭಿಪ್ರಾಯ ಹೇಳುವ ಹಾಗಿಲ್ಲ.

ಸಾವ್ಕಾರರೇ, ನೀವು ಶುರುವಿನಲ್ಲಿ ಬಂದು ಆ ಎರಡು ಮಾತು ಹೇಳಿ, ಹೊರಗೆ ಹೋಗಿ. ಕೊನೆಯ ಅರ್ಧ ಗಂಟೆಗೆ ಬನ್ನಿ. "ನಾನು ಸುಮ್ನೆ ಮೂಲೆಯಲ್ಲಿ ಕೂತಿರ್ತೀನಿ" ಅನ್ನುವುದೂ ಬೇಡ. ನೀವು ಮೂಲೆಯಲ್ಲಿ ಕೂತರೆ ಕೋಣೆಯ ಕಣ್ಣೆಲ್ಲ ಆ ಮೂಲೆಯಲ್ಲೇ ಇರುತ್ತದೆ.

ಹಂತ 5: ಮಾತು ನಿಲ್ಲಿಸಿ, ಬರೆಯಿರಿ

ಬ್ರೈನ್‌ಸ್ಟಾರ್ಮಿಂಗ್ ಅನ್ನುವ ಪದ ಕೇಳಿರುತ್ತೀರಿ. ಎಲ್ಲರೂ ಸೇರಿ, ತಪ್ಪು ಸರಿ ನೋಡದೆ, ತಲೆಗೆ ಬಂದದ್ದೆಲ್ಲ ಹೇಳುವ ಪದ್ಧತಿ. ಅಮೆರಿಕದ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬರ್ನ್ ಇದಕ್ಕೆ ನಾಲ್ಕು ನಿಯಮ ಹಾಕಿದರು: ಟೀಕೆ ಬೇಡ, ಹುಚ್ಚು ಐಡಿಯಾ ಬರಲಿ, ಜಾಸ್ತಿ ಬರಲಿ, ಒಬ್ಬರದಕ್ಕೆ ಇನ್ನೊಬ್ಬರು ಸೇರಿಸಲಿ. ನಿಯಮಗಳು ಒಳ್ಳೆಯವೇ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿದರು. ನಾಲ್ಕು ಜನ ಒಟ್ಟಿಗೆ ಕೂತು ಹೇಳಿದ್ದಕ್ಕಿಂತ, ನಾಲ್ಕು ಜನ ಬೇರೆ ಬೇರೆ ಕೂತು ಯೋಚಿಸಿದ್ದನ್ನು ಕೂಡಿಸಿದರೆ ಐಡಿಯಾ ಜಾಸ್ತಿ ಬಂದವು. ಕಾರಣ ಊಹಿಸುವುದು ಕಷ್ಟವಲ್ಲ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಾಗ ತಮ್ಮದು ಮರೆತುಹೋಗುತ್ತದೆ. ನಮ್ಮಲ್ಲಿ ಅದರ ಮೇಲೆ ಸಂಕೋಚ ಬೇರೆ. ಮಾಸ್ಟರ್ ಮಾತಾಡಿದ ಮೇಲೆ ಹೆಲ್ಪರ್ ಹುಡುಗ "ನನ್ದೂ ಅದೇ ಸರ್" ಅನ್ನುತ್ತಾನೆ.

ಆದ್ದರಿಂದ ಬಾಯಿಗೆ ಬೀಗ, ಕೈಗೆ ಪೆನ್ನು. ಇದಕ್ಕೆ ಬ್ರೈನ್‌ರೈಟಿಂಗ್ ಅನ್ನುತ್ತಾರೆ. ಜರ್ಮನಿಯ ಬೆರ್ನ್ಡ್ ರೋರ್‌ಬಾಖ್ 1960ರ ದಶಕದಲ್ಲಿ ರೂಪಿಸಿದ 6-3-5 ಕ್ರಮ ಸುಲಭ: 6 ಜನ, ತಲಾ 3 ಐಡಿಯಾ, 5 ನಿಮಿಷ. ಐದು ನಿಮಿಷವಾದ ಕೂಡಲೇ ಹಾಳೆಯನ್ನು ಪಕ್ಕದವರಿಗೆ ದಾಟಿಸಿ. ಅವರು ಬರೆದದ್ದನ್ನು ಓದಿ, ಅದಕ್ಕೆ ಸೇರಿಸಿಯೋ ಹೊಸದಾಗಿಯೋ ಇನ್ನು ಮೂರು ಬರೆಯಬೇಕು. ಆರು ಸುತ್ತು ಮುಗಿದರೆ ಅರ್ಧ ಗಂಟೆಯಲ್ಲಿ 108 ಐಡಿಯಾ, ಲೆಕ್ಕದ ಪ್ರಕಾರ. ನಮ್ಮ ಜನಕ್ಕೆ ಮೊದಲ ಸಲ ಆರು ಸುತ್ತು ಜಾಸ್ತಿಯಾಗುತ್ತದೆ. ಮೂರು ಸುತ್ತು, ತಲಾ ಎರಡು ಐಡಿಯಾ ಸಾಕು. ಅರ್ಧದಷ್ಟು ಒಂದೇ ಥರ ಇರುತ್ತವೆ, ಚಿಂತೆಯಿಲ್ಲ.

ಬರೆಯಲು ಬಾರದವರು? ಈ ಪ್ರಶ್ನೆ ನಮ್ಮ ಮೂರು ಜಿಲ್ಲೆಗಳಲ್ಲಿ ಬಂದೇ ಬರುತ್ತದೆ. ಕೆಲವರಿಗೆ ತೆಲುಗು ಬರೆದು ರೂಢಿ, ಕೆಲವರಿಗೆ ಉರ್ದು, ಕೆಲವರಿಗೆ ಸಹಿ ಮಾತ್ರ. ಯಾವ ಭಾಷೆಯಲ್ಲಾದರೂ ಬರೆಯಲಿ. ಚಿತ್ರ ಬಿಡಿಸಲಿ. ಅದೂ ಆಗದವರು ನಡೆಸುವವರನ್ನು ಹೊರಗೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಹೇಳಲಿ, ನಡೆಸುವವರು ಬರೆದುಕೊಳ್ಳಲಿ. ಎಲ್ಲರ ಎದುರು "ನಿನಗೆ ಬರೆಯಕ್ಕೆ ಬರಲ್ವಾ?" ಅಂತ ಕೇಳಿದಿರೋ, ಆ ಮನುಷ್ಯ ಮುಂದಿನ ಸಲ ರಜೆ ಹಾಕುತ್ತಾನೆ. ಕೂರಿಸುವ ಮುಂಚೆಯೇ ಒಬ್ಬೊಬ್ಬರನ್ನೇ ಕೇಳಿ ತಿಳಿದುಕೊಳ್ಳಿ.

ಕೈ ನಿಂತುಹೋದರೆ ಹೀಗೆ ಕೆಣಕಿ: ಏನನ್ನಾದರೂ ತೆಗೆದುಹಾಕಿದರೆ? ಎರಡನ್ನು ಕೂಡಿಸಿದರೆ? ಹಿಂದುಮುಂದು ಮಾಡಿದರೆ? ಬೇರೆ ಕಸುಬಿನವರು ಇದನ್ನು ಹೇಗೆ ಮಾಡುತ್ತಾರೆ? ನಮ್ಮ ಉದಾಹರಣೆಯಲ್ಲಿ ಬರಬಹುದಾದವು ನೋಡಿ: ಸ್ಟಿಕ್ಕರ್ ಬಿಟ್ಟು ಹೊಲಿಗೆಯೊಳಗೆ ಮುಚ್ಚಿಹೋಗುವ ಅಂಚಿನಲ್ಲಿ ನಂಬರ್ ಬರೆಯುವುದು. ಪ್ರತಿ ರೋಲ್‌ಗೆ ಒಂದು ಬಣ್ಣದ ದಾರದಿಂದ ಬಂಡಲ್ ಕಟ್ಟುವುದು. ತರಕಾರಿಯವರ ಪ್ಲಾಸ್ಟಿಕ್ ಕ್ರೇಟ್ ತಂದು ಒಂದೊಂದು ಬಂಡಲ್ ಒಂದೊಂದರಲ್ಲಿ ಇಡುವುದು. ಸ್ಟಿಕ್ಕರ್ ಬಿದ್ದ ತುಂಡು ತಂದುಕೊಟ್ಟವರಿಗೆ ಹುಡುಕುವ ಹೊತ್ತಿನ ದುಡ್ಡು ಕೊಡುವುದು. ಕಟಿಂಗ್‌ಗೆ ಮೊದಲೇ ಪ್ರತಿ ರೋಲ್‌ನ ಒಂದು ತುಂಡು ಜೋಡಿಸಿ ಹೊಲಿದು, ತೊಳೆದು, ಬಣ್ಣ ಒಂದೇ ಥರ ಇರುವ ರೋಲ್‌ಗಳನ್ನು ಬೇರೆ ಮಾಡುವುದು. ಕೊನೆಯದು ದೊಡ್ಡ ಗಾರ್ಮೆಂಟ್ಸ್‌ಗಳಲ್ಲಿ ರೂಢಿಯಲ್ಲೇ ಇದೆ, ಶೇಡ್ ಬ್ಲಾಂಕೆಟ್ ಅನ್ನುತ್ತಾರೆ.

ಹಂತ 6: ಆರಿಸುವುದು

ಹಾಳೆಯಲ್ಲಿರುವ ಒಂದೊಂದು ಐಡಿಯಾವನ್ನು ಒಂದೊಂದು ಚೀಟಿಗೆ ಬರೆದು ಗೋಡೆಗೆ ಅಂಟಿಸಿ, ಒಂದೇ ಥರದವು ಒಂದು ಕಡೆ. ಹೆಸರು ಬೇಡ. ಪ್ರತಿಯೊಬ್ಬರಿಗೂ ಮೂರು ಬಿಂದಿ ಕೊಡಿ, ಹಣೆಗಿಡುವ ಸ್ಟಿಕ್ಕರ್ ಬಿಂದಿಯೇ ಆಗುತ್ತದೆ. ಇಷ್ಟವಾದ ಚೀಟಿಗೆ ಅಂಟಿಸಲಿ. ಮಾಸ್ಟರ್ ಕೊನೆಗೆ ಅಂಟಿಸಬೇಕು.

ಈಗ ಸಾವ್ಕಾರರು ಬರಬಹುದು. ಜಾಸ್ತಿ ಬಿಂದಿ ಬಿದ್ದ ನಾಲ್ಕೈದನ್ನು ತೆಗೆದುಕೊಂಡು ಎರಡು ಪ್ರಶ್ನೆ ಕೇಳಿ: ಈ ವಾರವೇ ಮಾಡಿ ನೋಡಲು ಆಗುತ್ತಾ? ಕೆಟ್ಟರೆ ಎಷ್ಟು ಕೆಡುತ್ತದೆ? "ಇದು ನಾವು ಹಿಂದೆ ಮಾಡಿ ನೋಡಿದ್ದೀವಿ" ಅನ್ನುವ ಮಾತು ನಿಮ್ಮ ಬಾಯಿಗೆ ಬಂದರೆ ಚಹಾ ಕುಡಿಯಿರಿ.

ಹಂತ 7: ಒಂದು ಲಾಟ್ ಮೇಲೆ ಟ್ರಯಲ್

ಒಂದೇ ಒಂದು ಬದಲಾವಣೆ, ಒಂದೇ ಲೈನ್ (ಸಾಲಾಗಿ ಕೂತು ಹೊಲಿಯುವ ಒಂದು ಗುಂಪು), ಒಂದೇ ಲಾಟ್ (ಒಂದು ಸಲಕ್ಕೆ ಒಟ್ಟಿಗೆ ತಯಾರಾಗುವ ಮಾಲು). ಕ್ರೇಟೂ ತಂದು, ದಾರವೂ ಕಟ್ಟಿ, ನಂಬರೂ ಬರೆದು, ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಫಲ ಬಂತು ಅಂತ ತಿಳಿಯಲ್ಲ. ಪಕ್ಕದ ಲೈನ್ ಹಳೆಯ ಪದ್ಧತಿಯಲ್ಲೇ ನಡೆಯಲಿ, ಅದೇ ಬಟ್ಟೆ, ಅದೇ ವಾರ, ಅದೇ ವಾಷಿಂಗ್. ಎರಡರ ರಿಜೆಕ್ಟ್ ಎಣಿಸಿ. ಹಂತ 2ರ ನೋಟ್‌ಬುಕ್ ಈಗ ತೆಗೆಯಿರಿ.

ಹತ್ತು ಕ್ರೇಟು ಬಾಡಿಗೆಗೆ ತನ್ನಿ, ನೂರು ಕೊಳ್ಳಬೇಡಿ. ನಂಬರ್ ಬರೆಯುವುದಾದರೆ ಆ ಇಂಕು ತೊಳೆದಾಗ ಬಟ್ಟೆಗೆ ಹರಡುತ್ತಾ ಅಂತ ನಾಲ್ಕು ವೇಸ್ಟ್ ತುಂಡುಗಳ ಮೇಲೆ ಮೊದಲು ನೋಡಿ. ಆರ್ಡರ್ ಡೆಲಿವರಿ ವಾರದಲ್ಲಿ ಟ್ರಯಲ್ ಇಟ್ಟುಕೊಂಡರೆ ಮೂರನೇ ದಿನಕ್ಕೆ ಎಲ್ಲರೂ ಹಳೆಯ ದಾರಿ ಹಿಡಿಯುತ್ತಾರೆ. ಮಿಲ್‌ನವರು ಭತ್ತ ಒಮ್ಮೆಲೇ ಬಂದು ಬೀಳುವ ಸುಗ್ಗಿಯಲ್ಲಿ ಇದಕ್ಕೆ ಕೈ ಹಾಕಬೇಡಿ.

ಟ್ರಯಲ್ ಕೆಟ್ಟರೆ? ಕೆಟ್ಟಿತು ಅಂತಲೇ ಬರೆದಿಡಿ, ಯಾಕೆ ಅನ್ನುವುದನ್ನೂ ಸೇರಿಸಿ. ಐಡಿಯಾ ಕೊಟ್ಟವರ ಮುಖ ನೋಡಿ ನಗಬೇಡಿ.

ಹಂತ 8: ಪ್ರತಿ ಚೀಟಿಗೂ ಉತ್ತರ

ಸಲಹೆ ಪೆಟ್ಟಿಗೆ ತುಕ್ಕು ಹಿಡಿಯುವುದು ಉತ್ತರ ಬಾರದ್ದರಿಂದ. ಒಂದು ವಾರದೊಳಗೆ ಗೋಡೆ ಮೇಲೆ ಮೂರು ಪಟ್ಟಿ ಹಾಕಿ: ಮಾಡುತ್ತಿದ್ದೇವೆ, ಆಮೇಲೆ ನೋಡೋಣ, ಆಗುವುದಿಲ್ಲ. ಮೂರನೆಯದಕ್ಕೆ ಕಾರಣ ಒಂದು ಸಾಲು ಬರೆಯಲೇಬೇಕು. "ದುಡ್ಡಿಲ್ಲ" ಅನ್ನುವುದೂ ಕಾರಣವೇ, ಜನ ಒಪ್ಪುತ್ತಾರೆ. ಸುಮ್ಮನಿರುವುದನ್ನು ಒಪ್ಪಲ್ಲ.

ಬಹುಮಾನದ ಬಗ್ಗೆ ತುಂಬಾ ಜನ ಕೇಳುತ್ತೀರಿ. ನನ್ನ ಅಭಿಪ್ರಾಯ: ಒಬ್ಬರನ್ನು ಆರಿಸಿ ಶಾಲು ಹೊದಿಸಬೇಡಿ. ಹಾಳೆ ಹಲವು ಕೈ ದಾಟಿದೆ, ಯಾರದು ಅಂತ ಹೇಳುವುದು ಹೇಗೆ? ಒಬ್ಬರಿಗೆ ಕೊಟ್ಟರೆ ಮುಂದಿನ ಸಲ ಹಾಳೆ ಮೇಲೆ ಕೈ ಅಡ್ಡ ಇಟ್ಟುಕೊಂಡು ಬರೆಯುತ್ತಾರೆ, ಪರೀಕ್ಷೆಯ ಹಾಗೆ. ರಿಜೆಕ್ಟ್ ಕಡಿಮೆಯಾಗಿ ಉಳಿದ ದುಡ್ಡಿನಲ್ಲಿ ಒಂದು ಪಾಲು ಇಡೀ ಲೈನ್‌ಗೆ ಹಂಚಿ, ಹೆಲ್ಪರ್‌ಗೂ ಸೇರಿಸಿ. ಎಷ್ಟು ಪಾಲು ಅನ್ನುವುದನ್ನು ಟ್ರಯಲ್‌ಗೆ ಮುಂಚೆಯೇ ಬರೆದು ಅಂಟಿಸಿ. ಫಲ ಬಂದ ಮೇಲೆ ಪಾಲು ನಿಗದಿ ಮಾಡಲು ಕೂತರೆ ಅದೇ ಹೊಸ ಜಗಳ.

ಮುಂದಿನ ಸಲ ಯಾವಾಗ ಕೂರಬೇಕು? ತಿಂಗಳಿಗೊಮ್ಮೆ ಸಾಕು, ಒಂದು ಸಲಕ್ಕೆ ಒಂದೇ ಪ್ರಶ್ನೆ. ಆರರಲ್ಲಿ ಇಬ್ಬರು ಹಳಬರು ಇರಲಿ, ನಾಲ್ವರು ಹೊಸಬರು. ಮೊದಲ ಐದು ನಿಮಿಷ ಹೋದ ಸಲದ ಮೂರು ಪಟ್ಟಿಯನ್ನು ಜೋರಾಗಿ ಓದಿಸಿ, ಆಮೇಲೆ ಆ ಹೊತ್ತಿನ ಕೂಲಿಯ ಲಕೋಟೆಗಳನ್ನು ಮೇಜಿನ ಮೇಲಿಡಿ. ಪೆನ್ನು ಹಂಚುವುದು ಅದಾದ ಮೇಲೆ.